ಕಾವಲಿ ಮೇಲೆ ಏಡಿ ವಡೆ

ಏಡಿ ಯಾರಿಗೆ ಗೊತ್ತಿಲ್ಲ? ಹತ್ತು ಕಾಲು. ಮುಂದಿನ ಎರಡು ಕಾಲು ಇಕ್ಕಳದ ಹಾಗೆ. ನಡೆಯೋದು ಅಡ್ಡಡ್ಡ. ತುಳುವಿನಲ್ಲಿ ಡೆಂಜಿ ಅಂತಾರೆ. ಕೊಂಕಣಿಯಲ್ಲಿ ಕುರ್ಲಿ ಅಂತಾರೆ. ಸಮುದ್ರದಲ್ಲಿ ಏಡಿ ಇದೆ. ಹೊಳೆಯಲ್ಲಿ ಇದೆ. ಗದ್ದೆ ಬದುವಿನ ಬಿಲದಲ್ಲೂ ಇದೆ.

ಏಡಿ ಸಾರು ಮಾಡೋದು ನಮ್ಮ ಹೆಂಗಸರಿಗೆ ಹೊಸದಲ್ಲ. ಮೆಣಸು, ಕೊತ್ತಂಬರಿ, ತೆಂಗಿನಕಾಯಿ ಅರೆದು ಹಾಕಿದರೆ ಮನೆ ತುಂಬಾ ಘಮಘಮ. ಆದರೆ ಊಟಕ್ಕೆ ಕೂತಾಗ ನೋಡಿ. ಹಲ್ಲು ಗಟ್ಟಿ ಇದ್ದವರು ಕಾಲು ಕಚ್ಚಿ ಒಡೆದು ತಿಂತಾರೆ. ಅಜ್ಜಿಗೆ ಆಗೋದಿಲ್ಲ. ಸಣ್ಣ ಮಕ್ಕಳ ತುಟಿಗೆ ಚಿಪ್ಪು ಚುಚ್ಚುತ್ತೆ. ಅವರು ಬರೀ ರಸ ಕಲಸಿಕೊಂಡು ಎದ್ದು ಹೋಗ್ತಾರೆ.

ಏಡಿ ಮಾಂಸ ಬಿಡಿಸಿ ವಡೆ ಮಾಡಿದರೆ ಅಜ್ಜಿಯೂ ತಿನ್ನಬಹುದು, ಮಗುವೂ ತಿನ್ನಬಹುದು. ಬಾಣಲೆ ತುಂಬಾ ಎಣ್ಣೆ ಬೇಡ. ದೋಸೆ ಕಾವಲಿ ಸಾಕು.

ಈ ತಿಂಡಿ ಎಲ್ಲಿಯದು?

ಇದು ಅಮೆರಿಕ ದೇಶದ ತಿಂಡಿ. ಆ ದೇಶದ ಪೂರ್ವಕ್ಕೆ ಸಮುದ್ರ ಇದೆ. ಅಲ್ಲಿ ಚೆಸಪೀಕ್ ಎಂಬ ದೊಡ್ಡ ಕೊಲ್ಲಿ. ಉದ್ದ ಸುಮಾರು 320 ಕಿಲೋಮೀಟರ್. ಹೊಳೆಗಳ ಸಿಹಿನೀರು, ಸಮುದ್ರದ ಉಪ್ಪುನೀರು ಎರಡೂ ಅಲ್ಲಿ ಕೂಡುತ್ತೆ. ನಮ್ಮ ಕಾಳಿ, ಅಘನಾಶಿನಿ, ನೇತ್ರಾವತಿ ನದಿಗಳು ಸಮುದ್ರ ಸೇರೋ ಅಳಿವೆ ಇದೆಯಲ್ಲ, ಹಾಗೇನೇ. ಆದರೆ ಬಹಳ ದೊಡ್ಡದು. ಅಲ್ಲಿ ನೀಲಿ ಏಡಿ ಬೆಳೆಯುತ್ತೆ. ಕೊಲ್ಲಿಯ ಸುತ್ತ ಇರೋ ರಾಜ್ಯಗಳು ಮೇರಿಲ್ಯಾಂಡ್ ಮತ್ತು ವರ್ಜೀನಿಯ. ಅಲ್ಲಿ ಮನೆಮನೆಯಲ್ಲೂ ಹೋಟೆಲಿನಲ್ಲೂ ಈ ತಿಂಡಿ ಮಾಡ್ತಾರೆ. ಅದರ ಹೆಸರು ಕ್ರ್ಯಾಬ್ ಕೇಕ್.

ಕೇಕ್ ಅಂದ ಕೂಡಲೇ ಹುಟ್ಟುಹಬ್ಬದ ಸಿಹಿ ಕೇಕ್ ಅಂದುಕೊಳ್ಳಬೇಡಿ. ಇದಕ್ಕೆ ಸಕ್ಕರೆ ಇಲ್ಲ, ಮೈದಾ ಇಲ್ಲ. ದುಂಡಗೆ ತಟ್ಟಿದ್ದಕ್ಕೆಲ್ಲ ಅವರು ಕೇಕ್ ಅಂತಾರೆ. ನಾವು ವಡೆ ಅನ್ನೋಣ.

ಅವರು ಇದಕ್ಕೆ ಓಲ್ಡ್ ಬೇ ಎಂಬ ಮಸಾಲೆ ಪುಡಿ ಹಾಕ್ತಾರೆ. ಅದಕ್ಕೊಂದು ಕತೆ ಇದೆ. ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ನಡೀತಿತ್ತು. ಯಹೂದಿ ಜನರನ್ನು ಹಿಡಿದು ಶಿಬಿರಗಳಿಗೆ ದೂಡ್ತಿದ್ದರು. ಗುಸ್ತಾವ್ ಬ್ರೂನ್ ಎಂಬ ಮಸಾಲೆ ವ್ಯಾಪಾರಿಯನ್ನೂ ಹಿಡಿದರು. ಅವರು ಹೇಗೋ ಬಿಡುಗಡೆಯಾಗಿ ಹೆಂಡತಿ ಮಕ್ಕಳ ಜೊತೆ ಅಮೆರಿಕದ ಬಾಲ್ಟಿಮೋರ್ ಊರಿಗೆ ಬಂದರು. ಮೀನು ಮಾರುಕಟ್ಟೆ ಹತ್ತಿರ ಅಂಗಡಿ ಇಟ್ಟರು. ಏಡಿ ಬೇಯಿಸೋರು ಮೆಣಸು, ಉಪ್ಪು ಅಂತ ಬೇರೆ ಬೇರೆ ಕೊಂಡು ಹೋಗೋದನ್ನು ನೋಡಿದರು. ತಾವೇ ಎಲ್ಲ ಸೇರಿಸಿ ಒಂದು ಪುಡಿ ಮಾಡಿ ಮಾರಿದರು. ಊರು ಬಿಟ್ಟು ಓಡಿ ಬಂದವರ ಪುಡಿ ಇವತ್ತು ಆ ಊರಿನ ಗುರುತೇ ಆಗಿದೆ. ನಮಗೆ ಆ ಪುಡಿ ಸಿಗದಿದ್ದರೆ ಚಿಂತೆ ಬೇಡ. ಕರಿಮೆಣಸು ಮತ್ತು ಒಣಮೆಣಸಿನ ಪುಡಿ ಮನೆಯಲ್ಲೇ ಇದೆ.

ಏಡಿ ಕೊಳ್ಳೋವಾಗ

ಕರಾವಳಿಯ ಮಾರುಕಟ್ಟೆಗೆ ಎರಡು ಥರದ ಏಡಿ ಬರುತ್ತೆ. ಒಂದು ಸಮುದ್ರದ ಏಡಿ. ಇದರಲ್ಲಿ ಬೆನ್ನ ಮೇಲೆ ಮೂರು ಚುಕ್ಕೆ ಇರೋದುಂಟು, ನೀಲಿ ಬಣ್ಣದ್ದುಂಟು, ಶಿಲುಬೆ ಗುರುತಿನದ್ದುಂಟು. ಇವು ಬಲೆಗೆ ಬಿದ್ದು ಸತ್ತು, ಐಸಿನಲ್ಲಿ ಬರುತ್ತವೆ. ಇನ್ನೊಂದು ಅಳಿವೆಯ ಕೆಸರು ಏಡಿ. ಕಪ್ಪು ಹಸಿರು ಬಣ್ಣ, ದೊಡ್ಡ ಕೊಂಬು. ಇದನ್ನು ಕಾಲು ಕಟ್ಟಿ ಜೀವಂತ ಮಾರ್ತಾರೆ. ಬೆಲೆ ಜಾಸ್ತಿ.

ಕೆಸರು ಏಡಿ ಆದರೆ ಜೀವ ಇರೋದನ್ನೇ ಕೊಳ್ಳಿ. ಸತ್ತದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಯಾಕೆ ಗೊತ್ತಾ? ಏಡಿ ಸತ್ತ ಕೂಡಲೇ ಅದರ ಹೊಟ್ಟೆಯ ರಸವೇ ಅದರ ಮಾಂಸವನ್ನು ಕರಗಿಸೋಕೆ ಶುರು ಮಾಡುತ್ತೆ. ರೋಗಾಣುಗಳೂ ಬೇಗ ಬೆಳೆಯುತ್ತವೆ. ನಮ್ಮ ಸೆಕೆಗೆ ಕೆಲವೇ ಗಂಟೆ ಸಾಕು. ಸಮುದ್ರದ ಏಡಿಯನ್ನು ಬಲೆಯಿಂದ ತೆಗೆದ ಕೂಡಲೇ ಐಸಿನಲ್ಲಿ ಇಟ್ಟಿರಬೇಕು. ಮೂಸಿ ನೋಡಿ. ಸಮುದ್ರದ ವಾಸನೆ ಇದ್ದರೆ ಸರಿ. ಮೂಗಿಗೆ ಹೊಡೆಯೋ ಘಾಟು ಇದ್ದರೆ, ಕಾಲು ಹಿಡಿದರೆ ಕಳಚಿ ಬರ್ತಿದ್ದರೆ, ಮುಂದಿನ ಬುಟ್ಟಿಗೆ ಹೋಗಿ.

ಏಡಿಯನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ. ಗಾತ್ರಕ್ಕಿಂತ ಭಾರ ಅನ್ನಿಸಬೇಕು. ಹೊಟ್ಟೆ ಕಡೆ ಒತ್ತಿದರೆ ಗಟ್ಟಿ ಇರಬೇಕು. ಹಗುರ ಇದ್ದರೆ ಅದು ಪೊಳ್ಳು. ಅಮಾವಾಸ್ಯೆ ಏಡಿ ಗಟ್ಟಿ, ಹುಣ್ಣಿಮೆ ಏಡಿ ಪೊಳ್ಳು ಅಂತ ಹಿರಿಯರು ಹೇಳ್ತಾರೆ. ಏಡಿ ಬೆಳೆಯೋವಾಗ ಹಳೆ ಚಿಪ್ಪು ಕಳಚಿ ಹೊಸ ಚಿಪ್ಪು ಹಾಕಿಕೊಳ್ಳುತ್ತೆ. ಆಗ ಒಳಗೆ ಮಾಂಸಕ್ಕಿಂತ ನೀರೇ ಹೆಚ್ಚು. ಪೊಳ್ಳು ಅನ್ನೋದು ಅದನ್ನೇ. ನಾನಂತೂ ತಿಥಿ ಕೇಳೋದಕ್ಕಿಂತ ಕೈಯಲ್ಲಿ ತೂಗಿ ನೋಡೋದೇ ಸರಿ ಅಂತೀನಿ.

ಗಂಡು ಯಾವುದು, ಹೆಣ್ಣು ಯಾವುದು? ತಿರುಗಿಸಿ ಹೊಟ್ಟೆ ನೋಡಿ. ಹೊಟ್ಟೆಗೆ ಅಂಟಿಕೊಂಡು ಒಂದು ಮುಚ್ಚಳ ಇರುತ್ತೆ. ಅದು ಸಪೂರ, ಚೂಪು ಇದ್ದರೆ ಗಂಡು. ಅಗಲ, ದುಂಡಗೆ ಇದ್ದರೆ ಬಲಿತ ಹೆಣ್ಣು. ಕೆಲವು ಹೆಣ್ಣು ಏಡಿಯ ಮುಚ್ಚಳದ ಕೆಳಗೆ ಕಿತ್ತಳೆ ಬಣ್ಣದ ಮೊಟ್ಟೆ ಗೊಂಚಲು ಹೊರಗೇ ಕಾಣುತ್ತೆ. ಅದರಲ್ಲಿ ಲಕ್ಷಗಟ್ಟಲೆ ಮೊಟ್ಟೆ. ಅಂಥದ್ದು ನಿಮ್ಮ ಮನೆಯವರ ಬಲೆಗೆ ಜೀವಂತ ಬಿದ್ದರೆ ನೀರಿಗೆ ಬಿಡಿ ಅನ್ನಿ. ಮೇರಿಲ್ಯಾಂಡಿನಲ್ಲಿ ಮೊಟ್ಟೆ ಗೊಂಚಲಿನ ಏಡಿ ಹಿಡಿಯೋ ಹಾಗೇ ಇಲ್ಲ. ವಡೆಗೆ ಗಂಡು ಏಡಿಯೇ ಒಳ್ಳೆಯದು. ಕೊಂಬಿನಲ್ಲಿ ಮಾಂಸ ಹೆಚ್ಚು.

ಒಂದು ಕಿಲೋ ಏಡಿಯಲ್ಲಿ ಎಷ್ಟು ಮಾಂಸ ಸಿಗುತ್ತೆ? ಸುಮಾರು 200 ಗ್ರಾಂ. ಉಳಿದದ್ದೆಲ್ಲ ಚಿಪ್ಪು, ನೀರು. ಅದಕ್ಕೇ ತಕ್ಕಡಿ ಮುಳ್ಳಿನ ಮೇಲೆ ಕಣ್ಣಿಡಿ. ಐಸ್ ಸೇರಿಸಿ ತೂಗಿದರೆ ಕೊಡವಿ ತೂಗಪ್ಪಾ ಅನ್ನಿ. ಈಗ ನಿಮಗೆ ಅಂಕಿ ಓದೋಕೆ ಬರುತ್ತೆ. ಸುಮ್ಮನೆ ಇರಬೇಡಿ.

ಬೇಯಿಸಿ ಬಿಡಿಸೋದು

ಜೀವ ಇರೋ ಏಡಿಯನ್ನು ಮೊದಲು ಐಸ್ ತುಂಡುಗಳ ನಡುವೆ ಅರ್ಧ ಗಂಟೆ ಮುಚ್ಚಿಡಿ. ಅದಕ್ಕೆ ಜೋಮು ಹಿಡಿಯುತ್ತೆ. ಒದ್ದಾಟ ಇಲ್ಲ, ಕೈಗೂ ಕಚ್ಚೋದಿಲ್ಲ. ಹಾಗೇ ಬಿಸಿಗೆ ಹಾಕಿದರೆ ಏಡಿ ಹೆದರಿ ತನ್ನ ಕಾಲುಗಳನ್ನು ತಾನೇ ಕಳಚಿಕೊಳ್ಳುತ್ತೆ. ಆ ತೂತಿನಿಂದ ನೀರು ಒಳಗೆ ಹೋಗಿ ಮಾಂಸ ಸಪ್ಪೆ ಆಗುತ್ತೆ.

ಏಡಿಯನ್ನು ಹಳೆ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಇಡ್ಲಿ ಪಾತ್ರೆಯ ತಳಕ್ಕೆ ನೀರು, ಸ್ವಲ್ಪ ಹುಣಿಸೆ ರಸ ಇಲ್ಲವೇ ವಿನೆಗರ್ ಹಾಕಿ. ನೀರು ಕುದಿ ಬಂದ ಮೇಲೆ ಅಟ್ಟದ ಮೇಲೆ ಏಡಿ ಇಟ್ಟು ಮುಚ್ಚಿ. ಹದ ಗಾತ್ರದ ಏಡಿಗೆ 15 ನಿಮಿಷ, ದೊಡ್ಡದಕ್ಕೆ 20 ನಿಮಿಷ. ನೀರಿನಲ್ಲಿ ಮುಳುಗಿಸಿ ಬೇಯಿಸಬೇಡಿ. ಸಾರಿಗೆ ಅದು ಸರಿ. ವಡೆಗೆ ನೀರು ಶತ್ರು.

ಬೆಂದ ಏಡಿ ಕೆಂಪಗೆ ಆಗಿರುತ್ತೆ. ಹಸಿರು, ನೀಲಿ ಏಡಿ ಕೆಂಪು ಹೇಗಾಯ್ತು? ಆ ಕೆಂಪು ಚಿಪ್ಪಿನಲ್ಲಿ ಮೊದಲಿಂದಲೂ ಇತ್ತು. ಅದನ್ನು ಒಂದು ಪ್ರೋಟೀನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಹಾಗಾಗಿ ನೀಲಿಯಾಗಿ ಕಾಣ್ತಿತ್ತು. ಬಿಸಿ ತಾಗಿದ ಕೂಡಲೇ ಪ್ರೋಟೀನಿನ ಹಿಡಿತ ಬಿಡುತ್ತೆ, ಕೆಂಪು ಹೊರಗೆ ಬರುತ್ತೆ. ಕೆಂಪಾದ ಕೂಡಲೇ ಬೆಂದಿತು ಅಂತಲ್ಲ. ನಿಮಿಷ ಲೆಕ್ಕ ಹಾಕಿಯೇ ಇಳಿಸಿ.

ತಣಿದ ಮೇಲೆ ಹೊಟ್ಟೆಯ ಮುಚ್ಚಳ ಎತ್ತಿ ಕಿತ್ತು ಹಾಕಿ. ಬೆನ್ನ ಚಿಪ್ಪು ಹಿಡಿದು ಮೇಲಕ್ಕೆ ಎಳೆಯಿರಿ. ಎರಡೂ ಪಕ್ಕದಲ್ಲಿ ಬೂದು ಬಣ್ಣದ, ಮೆತ್ತಗಿನ, ಬೆರಳಿನಂಥ ಎಸಳು ಕಾಣುತ್ತೆ. ಅದು ಏಡಿಯ ಕಿವಿರು. ಉಸಿರಾಡೋ ಅಂಗ. ಅಮೆರಿಕದವರು ಅದಕ್ಕೆ ಸತ್ತವನ ಬೆರಳು ಅಂತಾರೆ. ಅದು ವಿಷ ಅಲ್ಲ. ಆದರೆ ನೀರಿನ ಕೊಳೆ ಎಲ್ಲ ಅಲ್ಲೇ ಸೇರಿರುತ್ತೆ. ಕಿತ್ತು ಬಿಸಾಕಿ. ಕಣ್ಣಿನ ಹಿಂದೆ ಇರೋ ಸಣ್ಣ ಚೀಲ ಹೊಟ್ಟೆ. ಅದನ್ನೂ ತೆಗೆಯಿರಿ. ಹಳದಿ ಬಣ್ಣದ ಮುದ್ದೆಯನ್ನು ಕೆಲವರು ಚಪ್ಪರಿಸಿ ತಿಂತಾರೆ. ಕಾರ್ಖಾನೆ ನೀರು ಸೇರೋ ಕಡೆ ಹಿಡಿದ ಏಡಿಯಾದರೆ ಅದು ಬೇಡ. ನೀರಿನ ವಿಷ ಎಲ್ಲ ಅಲ್ಲೇ ಕೂಡುತ್ತೆ.

ಆಮೇಲೆ ಮೈಯನ್ನು ಎರಡು ಹೋಳು ಮಾಡಿ. ಒಳಗೆ ಸಣ್ಣ ಸಣ್ಣ ಕೋಣೆ ಇರುತ್ತೆ. ಚಮಚದ ಹಿಡಿಯಿಂದ, ಇಲ್ಲವೇ ಏಡಿಯದೇ ಚೂಪು ಕಾಲಿನಿಂದ ಮಾಂಸ ಕೆದಕಿ ತೆಗೆಯಿರಿ. ಕೊಂಬನ್ನು ಗುಂಡುಕಲ್ಲಿನಿಂದ ಮೆಲ್ಲಗೆ ಒಡೆಯಿರಿ. ಜೋರಾಗಿ ಜಜ್ಜಿದರೆ ಚಿಪ್ಪಿನ ಚೂರು ಮಾಂಸದಲ್ಲಿ ಸೇರುತ್ತೆ. ಎಲ್ಲ ಬಿಡಿಸಿದ ಮೇಲೆ ತಟ್ಟೆಯಲ್ಲಿ ಹರಡಿ, ಬೆರಳಾಡಿಸಿ ಚಿಪ್ಪು ಹುಡುಕಿ. ಈ ಕೆಲಸಕ್ಕೆ ಒಂದು ಗಂಟೆ ಬೇಕು. ನೀವು ಒಬ್ಬರೇ ಕೂರಬೇಡಿ. ಗಂಡಸರನ್ನೂ ಮಕ್ಕಳನ್ನೂ ಕೂರಿಸಿ. ತಿನ್ನೋಕೆ ಬರೋ ಕೈಗೆ ಬಿಡಿಸೋಕೂ ಬರುತ್ತೆ.

ಬಿಡಿಸೋ ಕೈಗಳ ಕೂಲಿ

ಮನೆಗೆ ಒಂದು ಕಿಲೋ ಬಿಡಿಸೋದೇ ಇಷ್ಟು ಕೆಲಸ. ದಿನವಿಡೀ ಇದನ್ನೇ ಮಾಡೋರ ಪಾಡು ಹೇಗಿರಬೇಡ? ಮೇರಿಲ್ಯಾಂಡಿನಲ್ಲಿ ಕ್ರಿಸ್‌ಫೀಲ್ಡ್ ಎಂಬ ಊರು ಇದೆ. ಅಲ್ಲಿ ಏಡಿ ಬಿಡಿಸೋ ಶೆಡ್ಡುಗಳಿದ್ದವು. ಕೆಲಸ ಮಾಡೋರು ಹೆಚ್ಚಿನವರು ಕಪ್ಪು ಜನಾಂಗದ ಹೆಂಗಸರು. ಬೆಳಗಿನ ಜಾವ ಶೆಡ್ಡಿಗೆ ಹೋಗಬೇಕು. ಚಿಪ್ಪು ಚುಚ್ಚಿ ಬೆರಳೆಲ್ಲ ಗಾಯ. ಕೂಲಿ ದಿನಕ್ಕಿಷ್ಟು ಅಂತಲ್ಲ. ಬಿಡಿಸಿದ ಮಾಂಸದ ಅಳತೆಗೆ ಇಷ್ಟು ಅಂತ.

1938ರಲ್ಲಿ ಮಾಲೀಕರು ಕೂಲಿ ಇಳಿಸಿದರು. ಒಂದು ಗ್ಯಾಲನ್ ಅಳತೆಗೆ 35 ಸೆಂಟ್ ಇದ್ದದ್ದು 25 ಸೆಂಟ್ ಆಯ್ತು. ಲೆಕ್ಕ ಹಾಕಿ ನೋಡಿ. ನೂರು ರೂಪಾಯಿ ಬರೋ ಕೆಲಸಕ್ಕೆ 71 ರೂಪಾಯಿ ಕೊಟ್ಟ ಹಾಗೆ. ಹೆಂಗಸರು ಕತ್ತಿ ಕೆಳಗಿಟ್ಟರು. ನೂರಾರು ಜನ ಕೆಲಸಕ್ಕೆ ಹೋಗಲಿಲ್ಲ. ಸಂಘ ಕಟ್ಟಿಕೊಂಡು ಐದು ವಾರ ಗಟ್ಟಿಯಾಗಿ ನಿಂತರು. ಮನೆಯಲ್ಲಿ ಒಲೆ ಉರಿಯೋದು ಕಷ್ಟ. ಬೆದರಿಕೆ ಬೇರೆ. ಕೊನೆಗೆ ಮಣಿದವರು ಮಾಲೀಕರು.

ಈಗ ಅಲ್ಲಿ ಏಡಿ ಬಿಡಿಸೋರಲ್ಲಿ ತುಂಬಾ ಜನ ಮೆಕ್ಸಿಕೋ ದೇಶದ ಹೆಂಗಸರು. ಮಕ್ಕಳನ್ನು ಊರಲ್ಲಿ ಬಿಟ್ಟು, ವರ್ಷಕ್ಕೆ ಕೆಲವು ತಿಂಗಳು ಬಂದು ದುಡಿದು ಹೋಗ್ತಾರೆ. ನಮ್ಮ ಕರಾವಳಿಯಲ್ಲಿ ಸಿಗಡಿ ಸುಲಿಯೋ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲೂ ಸುಲಿದಷ್ಟಕ್ಕೇ ಕೂಲಿ. ತೂಗಿದ್ದು ಎಷ್ಟು, ಬರೆದದ್ದು ಎಷ್ಟು ಅಂತ ಚೀಟಿ ನೋಡೋಕೆ ಬರಬೇಕು.

ವಡೆ ಕಲಸೋದು

ಈಗ ಅಡುಗೆಗೆ ಬರೋಣ. ಒಂದೂಕಾಲು ಕಿಲೋ ಏಡಿ ತಂದರೆ 250 ಗ್ರಾಂ ಮಾಂಸ ಸಿಕ್ಕೀತು. ಇದಕ್ಕೆ 8 ವಡೆ ಆಗುತ್ತೆ.

ಒಂದು ಕೋಳಿಮೊಟ್ಟೆ ಒಡೆದು ಚೆನ್ನಾಗಿ ಕಲಕಿ. ಅದಕ್ಕೆ ಅರ್ಧ ಚಮಚ ಕರಿಮೆಣಸಿನ ಪುಡಿ, ಅರ್ಧ ಚಮಚ ಒಣಮೆಣಸಿನ ಪುಡಿ, ಚಿಟಿಕೆ ಸಾಸಿವೆ ಪುಡಿ, ಅರ್ಧ ಹೋಳು ನಿಂಬೆ ರಸ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಹಾಕಿ. ಒಂದು ದೊಡ್ಡ ಚಮಚ ಬೆಣ್ಣೆಯನ್ನು ಕರಗಿಸಿ ಸೇರಿಸಿ. ಅಲ್ಲಿಯವರು ಬೆಣ್ಣೆ ಬದಲು ಮೊಟ್ಟೆ, ಎಣ್ಣೆ ಕಡೆದು ಮಾಡಿದ ಮಯೋನೀಸ್ ಹಾಕ್ತಾರೆ. ಬೆಣ್ಣೆ ಸಾಕು. ಉಪ್ಪು ಮಾತ್ರ ನೋಡಿ ಹಾಕಿ. ಸಮುದ್ರದ ಏಡಿಯಲ್ಲಿ ಉಪ್ಪು ಮೊದಲೇ ಇದೆ.

ಎರಡು ತುಂಡು ಬ್ರೆಡ್ಡನ್ನು ಕೈಯಲ್ಲಿ ಪುಡಿ ಮಾಡಿ ಹಾಕಿ. ಬ್ರೆಡ್ ಇಲ್ಲದಿದ್ದರೆ ರಸ್ಕ್ ಪುಡಿ ಮೂರು ದೊಡ್ಡ ಚಮಚ. ಕೊನೆಗೆ ಏಡಿ ಮಾಂಸ. ಹಿಸುಕಿ ನಾದಬೇಡಿ. ಬೆರಳ ತುದಿಯಿಂದ ಮೇಲೆ ಕೆಳಗೆ ಮಾಡಿ. ಮಾಂಸದ ಎಸಳು ಎಸಳಾಗಿಯೇ ಇರಬೇಕು.

ಕೆಲವರು ವಡೆ ಹೆಚ್ಚಾಗಲಿ ಅಂತ ಆಲೂಗೆಡ್ಡೆ, ಕಡಲೆಹಿಟ್ಟು ಸೇರಿಸ್ತಾರೆ. ನೆಂಟರು ಜಾಸ್ತಿ ಬಂದಾಗ ತಪ್ಪಿಲ್ಲ. ಆದರೆ ಅದು ಆಲೂಗೆಡ್ಡೆ ಬೋಂಡದ ತಂಗಿ ಆಗುತ್ತೆ. ಇಷ್ಟು ಕಷ್ಟಪಟ್ಟು ಬಿಡಿಸಿದ ಮೇಲೆ ಏಡಿಯ ರುಚಿಯೇ ಮುಂದೆ ಇರಲಿ. ಹಿಟ್ಟು ಕಡಿಮೆ ಆದಷ್ಟೂ ವಡೆ ಒಳ್ಳೆಯದು. ಈರುಳ್ಳಿಯೂ ಬೇಡ. ಅದು ನೀರು ಬಿಡುತ್ತೆ.

ಕಲಸಿದ್ದನ್ನು ಮುಚ್ಚಿ ಅರ್ಧ ಗಂಟೆ ತಣ್ಣಗೆ ಇಡಿ. ಫ್ರಿಜ್ ಇದ್ದರೆ ಫ್ರಿಜ್ಜಿನಲ್ಲಿ. ಇಲ್ಲದಿದ್ದರೆ ಅಗಲ ತಟ್ಟೆಯಲ್ಲಿ ತಣ್ಣೀರು ಹಾಕಿ ಅದರೊಳಗೆ ಪಾತ್ರೆ ಇಡಿ. ಆ ಹೊತ್ತಿನಲ್ಲಿ ಬ್ರೆಡ್ಡಿನ ಪುಡಿ ನೀರು ಹೀರಿ ಉಬ್ಬುತ್ತೆ. ಅಂಟು ಬರುತ್ತೆ. ಈ ಅರ್ಧ ಗಂಟೆ ಬಿಟ್ಟರೆ ವಡೆ ಕಾವಲಿ ಮೇಲೆ ಒಡೆದು ಪಲ್ಯ ಆಗುತ್ತೆ. ಫ್ರಿಜ್ ಇಲ್ಲದ ಮನೆಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಇಡಬೇಡಿ.

ಕಾವಲಿಗೆ ಹಾಕೋದು

ಅಂಗೈಗೆ ನೀರು ಸವರಿಕೊಂಡು ಎಂಟು ಉಂಡೆ ಮಾಡಿ. ಮೆಲ್ಲಗೆ ಒತ್ತಿ. ಒಂದು ಬೆರಳು ದಪ್ಪ ಇರಲಿ. ತೆಳ್ಳಗೆ ತಟ್ಟಿದರೆ ಒಣಗಿ ಹೋಗುತ್ತೆ.

ಕಾವಲಿ ಕಾಯಲಿ. ಮೂರು ದೊಡ್ಡ ಚಮಚ ಎಣ್ಣೆ ಹಾಕಿ. ಬ್ರೆಡ್ಡಿನ ಒಂದು ಚೂರು ಹಾಕಿ ನೋಡಿ. ಚುರ್ ಅಂದರೆ ಎಣ್ಣೆ ಕಾದಿದೆ. ಹೊಗೆ ಬಂದರೆ ಜಾಸ್ತಿ ಆಯ್ತು, ಉರಿ ತಗ್ಗಿಸಿ. ಒಂದು ಸಲಕ್ಕೆ ನಾಲ್ಕೇ ವಡೆ ಇಡಿ. ಒಟ್ಟಿಗೆ ಎಂಟು ಇಟ್ಟರೆ ಕಾವಲಿ ತಣಿದು ಹೋಗುತ್ತೆ. ಆಗ ವಡೆ ಎಣ್ಣೆ ಕುಡಿಯುತ್ತೆ.

ಇಟ್ಟ ಮೇಲೆ ಮುಟ್ಟಬೇಡಿ. ನಾಲ್ಕು ನಿಮಿಷ ಸುಮ್ಮನೆ ಬಿಡಿ. ತಳಕ್ಕೆ ಹೊಂಬಣ್ಣದ ಹೊಪ್ಪಳ ಕಟ್ಟುತ್ತೆ. ಒಳಗೆ ಮೊಟ್ಟೆ ಗಟ್ಟಿಯಾಗುತ್ತೆ. ಆಗ ವಡೆ ತಾನಾಗಿಯೇ ಕಾವಲಿ ಬಿಡುತ್ತೆ. ದೋಸೆ ಮಗುಚೋ ಸಟ್ಟುಗ ಪೂರ್ತಿ ಕೆಳಗೆ ತೂರಿಸಿ ಒಂದೇ ಸಲ ಮಗುಚಿ. ಇನ್ನೊಂದು ಮಗ್ಗುಲಿಗೂ ನಾಲ್ಕು ನಿಮಿಷ. ಉರಿ ಹದವಾಗಿರಲಿ. ಏಡಿ ಮೊದಲೇ ಬೆಂದಿದೆ, ಆದರೆ ಹಸಿ ಮೊಟ್ಟೆ ಒಳಗೆ ಬೇಯಬೇಕಲ್ಲ. ನಿಂಬೆ ಹಿಂಡಿ ಬಿಸಿ ಇರೋವಾಗಲೇ ತಿನ್ನಿ. ಗಂಜಿ ಊಟಕ್ಕೂ ಚೆನ್ನ, ಚಪಾತಿಗೂ ಚೆನ್ನ.

ಬಡಿಸೋವಾಗ ಮೊದಲೇ ಎಣಿಸಿ. ಎಂಟು ವಡೆ, ನಾಲ್ಕು ಜನ. ತಲೆಗೆ ಎರಡು. ನಿಮ್ಮ ಎರಡನ್ನು ಬೇರೆ ತಟ್ಟೆಯಲ್ಲಿ ತೆಗೆದಿಟ್ಟೇ ಬಡಿಸಿ. ಏಡಿ ಮಾಂಸದಲ್ಲಿ ಒಳ್ಳೆ ಪ್ರೋಟೀನು ಇದೆ. ರಕ್ತ ಆಗೋಕೆ ಬೇಕಾದ ಬಿ 12 ಜೀವಸತ್ವ ಇದೆ. ಅದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಬೇಕಾಗಿರೋದು ಹೆಂಗಸರಿಗೆ.

ಯಾರು ತಿನ್ನಬಾರದು? ಯಾವ ಏಡಿ ಬೇಡ?

ಕೆಲವರ ಮೈಗೆ ಏಡಿ, ಸಿಗಡಿ ಆಗಿಬರೋದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮೈ ಕೆರೆತ, ದದ್ದು, ತುಟಿ ಊತ ಬರುತ್ತೆ. ಸಿಗಡಿ ಆಗದವರಿಗೆ ಏಡಿಯೂ ಆಗದೆ ಇರಬಹುದು. ಉಸಿರು ಕಟ್ಟಿದ ಹಾಗೆ ಆದರೆ, ಗಂಟಲು ಬಿಗಿದರೆ, ಮನೆಮದ್ದು ಮಾಡ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಗುವಿಗೆ ಮೊದಲ ಸಲ ಕೊಡೋವಾಗ ಒಂದು ಚೂರು ಕೊಟ್ಟು ನೋಡಿ.

ಗದ್ದೆ ಏಡಿ, ಹಳ್ಳದ ಏಡಿಯಲ್ಲಿ ಮಾಂಸ ಕಡಿಮೆ. ಅದು ಸಾರಿಗೇ ಸರಿ. ಔಷಧಿ ಹೊಡೆದ ಗದ್ದೆಯದು ಬೇಡವೇ ಬೇಡ. ಇನ್ನೊಂದು ಮಾತು ಮುಖ್ಯ. ಸಿಹಿನೀರಿನ ಏಡಿಯನ್ನು ಹಸಿಯಾಗಿ, ಅರೆಬೆಂದಂತೆ ತಿನ್ನಬಾರದು. ಕೆಮ್ಮಿಗೆ ಮದ್ದು ಅಂತ ಹಸಿ ಏಡಿ ಜಜ್ಜಿ ರಸ ಕುಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಿಹಿನೀರಿನ ಕೆಲವು ಏಡಿಗಳ ಮಾಂಸದಲ್ಲಿ ಕಣ್ಣಿಗೆ ಕಾಣದ ಹುಳುವಿನ ಮರಿ ಇರುತ್ತೆ. ಅದು ಹೊಟ್ಟೆಯಿಂದ ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಬೆಳೆಯುತ್ತೆ. ಕೆಮ್ಮು ಬರುತ್ತೆ, ಕಫದಲ್ಲಿ ರಕ್ತ ಬರುತ್ತೆ. ನೋಡಿದವರು ಕ್ಷಯ ಅಂದುಕೊಳ್ತಾರೆ. ಮಣಿಪುರ, ನಾಗಾಲ್ಯಾಂಡ್ ಕಡೆ ಈ ರೋಗ ಎಷ್ಟೋ ಜನರಲ್ಲಿ ಕಂಡಿದೆ. ಚೆನ್ನಾಗಿ ಬೇಯಿಸಿದರೆ ಹುಳು ಸಾಯುತ್ತೆ. ಹಸಿ ಏಡಿ ಕೊಯ್ದ ಕತ್ತಿ, ಮಣೆಯನ್ನು ಸೋಪು ಹಾಕಿ ತೊಳೆದ ಮೇಲೆಯೇ ತರಕಾರಿ ಹೆಚ್ಚಿ.

ಕಡಲ ಬಂಡೆ ಸಂದಿಯಲ್ಲಿ ಬಣ್ಣಬಣ್ಣದ ಸಣ್ಣ ಏಡಿ ಓಡಾಡುತ್ತವೆ. ಗುರುತು ಇಲ್ಲದ್ದನ್ನು ಮಕ್ಕಳು ಹಿಡಿದು ತಂದರೆ ಒಲೆಗೆ ಹಾಕಬೇಡಿ. ಅಂಥ ಕೆಲವು ಏಡಿಗಳಲ್ಲಿ ವಿಷ ಇರುತ್ತೆ. ಅದು ಬೇಯಿಸಿದರೂ ಹೋಗೋದಿಲ್ಲ.

ಉಳಿದ ಚಿಪ್ಪು

ಮಾಂಸ ಬಿಡಿಸಿದ ಕಾಲು, ಚಿಪ್ಪು ರಾಶಿ ಬಿದ್ದಿರುತ್ತೆ. ಕಿವಿರು, ಹೊಟ್ಟೆ ಬೇರೆ ಮಾಡಿ. ಉಳಿದ ಚಿಪ್ಪನ್ನು ತೊಳೆದು, ಜಜ್ಜಿ, ನೀರು ಹಾಕಿ ಅರ್ಧ ಗಂಟೆ ಕುದಿಸಿ ಸೋಸಿ. ಆ ನೀರಿಗೆ ಹುಳಿ, ಮೆಣಸು, ಬೆಳ್ಳುಳ್ಳಿ ಹಾಕಿದರೆ ರಾತ್ರಿಗೆ ಸಾರು ಆಯ್ತು. ಚಿಪ್ಪು ಅಂಗಳಕ್ಕೆ ಎಸೆದರೆ ನೊಣ, ನಾಯಿ, ಬೆಕ್ಕು ಎಲ್ಲ ಬರುತ್ತವೆ. ತೆಂಗಿನ ಬುಡದಲ್ಲಿ ಒಂದು ಮೊಳ ಆಳ ಗುಂಡಿ ತೋಡಿ ಹೂಳಿ. ಮೇಲೆ ಮಣ್ಣು ಮುಚ್ಚಿ ಒಂದು ಕಲ್ಲು ಇಡಿ. ಇಲ್ಲದಿದ್ದರೆ ರಾತ್ರಿ ನಾಯಿ ಕೆದರುತ್ತೆ.